ಹಲ್ಲಲ್ಲಿ ಕಚ್ಚಿದ ಟಾರ್ಚು

ಟಾರ್ಚು ಕೈಕೊಡುವುದು ಯಾವಾಗ ಹೇಳಿ? ಬೇಕಾದಾಗ. ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿರುವಾಗ ಅದಕ್ಕೆ ಯಾವ ರೋಗವೂ ಇರುವುದಿಲ್ಲ.

ನಮ್ಮ ಲಿಫ್ಟ್ ಮೆಕ್ಯಾನಿಕ್ಕಿಗೂ ಹಾಗೇ ಆಯಿತು. ಲಿಫ್ಟಿನ ತಳದ ಗುಂಡಿಯಲ್ಲಿ ಹಗಲೂ ಕತ್ತಲೆಯೇ. ಒಂದು ಕೈಗೆ ಸ್ಪ್ಯಾನರ್ ಬೇಕು, ಇನ್ನೊಂದು ಕೈಗೆ ವೈರು. ಹಾಗಾಗಿ ಅರ್ಧ ಗೇಣಿನ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ. ಹದಿನೈದು ವರ್ಷದಿಂದ ಅದೇ ರೂಢಿ.

ಆ ಟಾರ್ಚಿಗೆ ಚಾರ್ಜ್ ಮಾಡುವ ಗಿಡ್ಡ ಲಿಥಿಯಂ ಸೆಲ್ಲುಗಳು ಎರಡು ಬೇಕು. ಒಂದು ಸತ್ತಿತು. ಅವನು ರಸ್ತೆಬದಿಯ ವ್ಯಾಪಾರಿಯ ಬುಟ್ಟಿಯಿಂದ ಹೊಸದೊಂದನ್ನು ಆರಿಸಿ ತಂದು ಹಳೆಯದರ ಜೊತೆಗೆ ತುರುಕಿದ. ಅದು ಕೂದಲೆಳೆಯಷ್ಟು ಚಿಕ್ಕದಾಯಿತು. ಚಾಕಲೇಟಿನ ಬೆಳ್ಳಿ ಕಾಗದವನ್ನು ಮಡಚಿ ಸಂದಿಗಿಟ್ಟ. ಟಾರ್ಚು ಉರಿಯಿತು.

ಮರುದಿನ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸುವಾಗ ಹೆಂಡತಿ ಅಡ್ಡ ನಿಂತಳು. ಮುಂಬಾಗಿಲ ಕೋಣೆಯಲ್ಲೇ ಅವಳ ಹೊಲಿಗೆ ಮೆಷಿನ್ನು. ಬಟ್ಟೆ ಕಿರಿದು ಹಿರಿದು ಮಾಡುವುದು ಅವಳ ಕಸುಬು.

"ನಿನ್ನೆ ಮುಟ್ಟಿದಾಗ ಟಾರ್ಚು ಇಸ್ತ್ರಿಪೆಟ್ಟಿಗೆ ಥರ ಸುಡ್ತಿತ್ತು ಕಣ್ರೀ."

"ಕೆಲಸ ಮಾಡೋ ವಸ್ತು ಬಿಸಿಯಾಗ್ದೆ ಇನ್ನೇನಾಗುತ್ತೆ? ನಿನ್ ಮೆಷಿನ್ನು ಬಿಸಿಯಾಗಲ್ವಾ?"

"ನನ್ ಮೆಷಿನ್ನ ನಾನು ಬಾಯಲ್ಲಿಟ್ಕೊಳ್ಳಲ್ಲ. ಎರಡೂ ಸೆಲ್ ಬದಲಾಯಿಸಿದ್ರೆ ಏನಾಗ್ತಿತ್ತು?"

"ಒಂದು ಹಲ್ಲು ಬಿದ್ರೆ ಬಾಯ್ತುಂಬಾ ಹಲ್ಲು ಕೀಳಿಸ್ತಾರೇನೇ?" ಎಂದು ನಗುತ್ತಾ ಅವನು ಹೊರಟೇಬಿಟ್ಟ.

ಅವಳ ಮನಸ್ಸು ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಎರಡು ಸಲ ಕಿಟಕಿಗೆ ಹೋಗಿ ಬಂದಳು. ಸೂಜಿಗೆ ದಾರ ಪೋಣಿಸಿದಳು, ತೆಗೆದಳು, ಮತ್ತೆ ಪೋಣಿಸಿದಳು. ಕೊನೆಗೆ ಗಿರಾಕಿಯೊಬ್ಬರ ಪ್ಯಾಂಟಿನ ಎರಡೂ ಕಾಲುಗಳನ್ನು ಸೇರಿಸಿ ಹೊಲಿದುಬಿಟ್ಟಳು! ಇನ್ನು ಕೂತರೆ ಆಗದು ಎಂದುಕೊಂಡು, ಗಂಡ ಮೇಜಿನ ಮೇಲೆ ಬಿಟ್ಟುಹೋದ ಸತ್ತ ಸೆಲ್ಲನ್ನೂ, ಅಂಗಿ ಗುಂಡಿಗಳ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಟಾರ್ಚಿನ ವಿವರದ ಚೀಟಿಯನ್ನೂ ಹಿಡಿದು ಕೆಳಗಿನ ಮನೆಗೆ ಓಡಿದಳು.

ಕೆಳಗಿದ್ದವರು ಮೀಟರ್ ಅಜ್ಜಿ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಬ್ಯಾಟರಿ ಪರೀಕ್ಷೆ ಮಾಡಿ ನಿವೃತ್ತರಾದವರು. ವೋಲ್ಟ್ ಅಳೆಯುವ ಮೀಟರು ಈಗಲೂ ಸೊಂಟದಲ್ಲೇ. ಯಾರ ಮಾತನ್ನೂ ಅಳೆಯದೆ ನಂಬುವವರಲ್ಲ.

ಅಜ್ಜಿ ಸೆಲ್ಲನ್ನು ತಿರುಗಿಸಿ ನೋಡಿದರು. "ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದೆ. ಇದರ ಜೋಡಿ ಎಲ್ಲಮ್ಮಾ?"

"ಟಾರ್ಚಲ್ಲೇ ಇದೆ. ಅದಕ್ಕೆ ಬುಟ್ಟಿಯಿಂದ ತಂದ ಹೊಸದೊಂದು ಸೇರಿಸ್ಕೊಂಡಿದ್ದಾರೆ. ಐದು ಸಾವಿರ mAh ಅಂತ ಬರೆದಿದೆ ಅದರ ಮೇಲೆ."

"ಇಷ್ಟು ಗಿಡ್ಡ ಸೆಲ್ಲಲ್ಲಿ ಐದು ಸಾವಿರದಷ್ಟು ಚಾರ್ಜಾ? ಲೋಟದಲ್ಲಿ ಕೊಡ ನೀರು ಹಿಡೀತು ಅಂದ ಹಾಗಾಯ್ತು. ಸಾವಿರ ದಾಟಿದ್ರೇ ನಾನು ಅನುಮಾನಿಸ್ತೀನಿ."

"ಹಳೇದು, ಹೊಸದು ಒಟ್ಟಿಗೆ ಹಾಕಿದ್ರೆ ಏನಾಗುತ್ತೆ ಅಜ್ಜಿ?"

"ಸೋತಿರೋದು ಮೊದಲು ಖಾಲಿಯಾಗುತ್ತೆ. ಗಟ್ಟಿ ಇರೋದು ಬಿಡಲ್ಲ, ಅದು ಉಲ್ಟಾ ಚಾರ್ಜ್ ಆಗೋ ಹಾಗೆ ನೂಕುತ್ತೆ. ಒಳಗೆ ಬಿಸಿ ಏರುತ್ತೆ, ಗ್ಯಾಸು ತುಂಬುತ್ತೆ. ಟಾರ್ಚು ಬಿಗಿಯಾದ ಕೊಳವೆ ನೋಡು, ಗ್ಯಾಸಿಗೆ ಹೋಗೋಕೆ ದಾರಿ ಇಲ್ಲ. ಅಂದ ಹಾಗೆ ಅವನು ಟಾರ್ಚನ್ನ ಎಲ್ಲಿ ಹಿಡ್ಕೋತಾನೆ?"

"ಹಲ್ಲಲ್ಲಿ."

ಅಜ್ಜಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಅದನ್ನು ಕಂಡೇ ಇವಳು ಗಂಡನಿಗೆ ಫೋನ್ ಮಾಡಿದಳು. ಗುಂಡಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು? ನಾಲ್ಕು ಬೀದಿ ಆಚೆಗಿನ ಕಟ್ಟಡಕ್ಕೆ ಅಳತೆ ಟೇಪನ್ನು ಕೊರಳಲ್ಲೇ ಹಾಕಿಕೊಂಡು ಓಡಿದಳು. ಎದುರಿಗೆ ಬಂದವರಿಗೆ ಡಿಕ್ಕಿ ಹೊಡೆದಳು, ಕ್ಷಮೆ ಕೇಳಲೂ ನಿಲ್ಲಲಿಲ್ಲ. ಅವನ ನಗುವ ಮುಖವೇ ಕಣ್ಣಮುಂದೆ ಬರುತ್ತಿತ್ತು. ಆ ಮುಖಕ್ಕೇನಾದರೂ ಆದರೆ ಎಂಬ ಭಯಕ್ಕೆ ಕಾಲುಗಳು ಇನ್ನಷ್ಟು ಬೇಗ ಓಡಿದವು.

ಲಿಫ್ಟಿನ ಬಾಗಿಲು ತೆರೆದಿತ್ತು. ಬಗ್ಗಿ ನೋಡಿದರೆ ಗುಂಡಿಯಲ್ಲಿ ಬೆಳಕಿನ ಚುಕ್ಕೆಯೊಂದು ಅಲುಗಾಡುತ್ತಿತ್ತು.

"ರೀ! ಟಾರ್ಚು ಉಗೀರಿ!"

"ಹ್ಞೂ... ಹ್ಞೂ..."

"ಹ್ಞೂ ಅನ್ಬೇಡಿ, ಬಾಯಿಂದ ತೆಗೀರಿ ಅಂದ್ನಲ್ಲ!"

ಪಕ್ಕದಲ್ಲೇ ನಿಂತಿದ್ದ ಕಟ್ಟಡದ ಕಾವಲುಗಾರನ ಎದುರಿಗೆ ಹೆಂಡತಿ ಹೀಗೆ ಕಿರುಚಿದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಟಾರ್ಚನ್ನು ಕೈಗೆ ತೆಗೆದುಕೊಂಡು ಏಣಿ ಹತ್ತಿ ಬಂದ. "ಸ್ವಲ್ಪ ಬಿಸಿ ಇದೆ ನಿಜ..." ಎನ್ನುತ್ತಾ ಟಾರ್ಚನ್ನು ಆ ಕೈಗೊಮ್ಮೆ ಈ ಕೈಗೊಮ್ಮೆ ಬದಲಾಯಿಸಿದ.

ಅಷ್ಟರಲ್ಲಿ ಅಜ್ಜಿ ಏದುಸಿರು ಬಿಡುತ್ತಾ ಬಂದರು. "ಆರಿಸು. ಬಿಚ್ಚಬೇಡ! ಅಂಗಳದಲ್ಲಿರೋ ಮರಳು ಬಕೆಟ್ಟಿನ ಮೇಲಿಟ್ಟು ದೂರ ಬಾ."

ಅವನು ಇಟ್ಟು ಬಂದ. ಎಲ್ಲರೂ ಗೋಡೆಯ ಮರೆಗೆ ಸರಿದರು. ಒಂದು ನಿಮಿಷ ಕಳೆಯಿತು, ಎರಡಾಯಿತು. ಏನೂ ಆಗಲಿಲ್ಲ.

"ಟಾರ್ಚನ್ನ ಮಣ್ಣು ಮಾಡೋಕೆ ಇಷ್ಟು ಜನ ಬೇಕಿತ್ತಾ ಅಜ್ಜಿ? ಗುಂಡೀಲಿ ಕೆಲಸ ನಿಂತಿದೆ," ಎಂದು ಅವನು ಒಂದು ಹೆಜ್ಜೆ ಮುಂದಿಟ್ಟ. ಹೆಂಡತಿ ಅಂಗಿಯ ಬೆನ್ನು ಹಿಡಿದು ಜಗ್ಗಿದಳು.

ಆಗ 'ಢಬ್' ಎಂದಿತು. ಮರಳು ಚಿಮ್ಮಿತು. ಟಾರ್ಚಿನ ಹಿಂದಿನ ಮುಚ್ಚಳ ಎದುರು ಗೋಡೆಗೆ ಬಡಿದು ಗಾರೆ ಕಿತ್ತಿತು. ಬುಸ್ಸೆಂದು ಬಿಳಿ ಹೊಗೆ ಎದ್ದಿತು.

"ಹೊಗೆ ಕುಡೀಬೇಡಿ, ವಿಷ ಅದು," ಎಂದು ಅಜ್ಜಿ ಎಲ್ಲರನ್ನೂ ಹಿಂದಕ್ಕೆ ತಳ್ಳಿದರು.

ಮೆಕ್ಯಾನಿಕ್ ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಸವರಿ ನೋಡಿಕೊಂಡ. ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಅತ್ತುಬಿಟ್ಟಳು. ಅವನು ಪಕ್ಕದಲ್ಲಿ ಕೂತು, "ತಪ್ಪಾಯ್ತು ಕಣೇ," ಎಂದ. ಮದುವೆಯಾದಂದಿನಿಂದ ಅವನು ಆ ಮಾತು ಆಡಿದ್ದು ಅದೇ ಮೊದಲು.

ಸಂಜೆ ಮೂವರೂ ಬಿಲ್ಲು ಕೊಡುವ ಅಂಗಡಿಗೆ ಹೋಗಿ ಅದೇ ಮಾದರಿಯ ಹೊಸ ಟಾರ್ಚು ತೆಗೆದುಕೊಂಡರು. ಸೆಲ್ಲು ಆರಿಸುವಾಗ ಅಜ್ಜಿ ಹೆಂಡತಿ ತಂದಿದ್ದ ಟಾರ್ಚಿನ ಚೀಟಿ ಬಿಡಿಸಿದರು. "ಇಲ್ಲಿ 16340 ಅಂತಿದೆ ನೋಡು. ಹದಿನಾರು ಮಿಲಿಮೀಟರ್ ದಪ್ಪ, ಮೂವತ್ನಾಲ್ಕು ಉದ್ದ. ಅಳತೆ ಸರಿ ಇದ್ರೆ ಸಾಲ್ದು, ವೋಲ್ಟೂ ಚೀಟೀಲಿ ಹೇಳಿದಷ್ಟೇ ಇರ್ಬೇಕು. ಒಂದೇ ಅಳತೇಲಿ ಬೇರೆ ಬೇರೆ ವೋಲ್ಟಿನವೂ ಬರ್ತವೆ."

"ಬೆಳ್ಳಿ ಕಾಗದ?" ಎಂದು ಅವನು ಮೆಲ್ಲಗೆ ಕೇಳಿದ.

"ಚಾಕಲೇಟಿಗೆ ಸುತ್ತು. ಸೆಲ್ಲು ತಾನಾಗೇ ಸರಿಯಾಗಿ ಕೂರ್ಬೇಕು, ಇಲ್ಲಾಂದ್ರೆ ಅದು ನಿನ್ನ ಟಾರ್ಚಿನದಲ್ಲ. ಒಳಗೆ ರಕ್ಷಣೆ ಸರ್ಕ್ಯೂಟ್ ಇರೋದನ್ನೇ ಕೇಳು. ಚಾರ್ಜರೂ ಲಿಥಿಯಂ ಸೆಲ್ಲಿನದೇ ಆಗಿರ್ಲಿ. ಬೀಗದಕೈ ಇರೋ ಜೇಬಲ್ಲಿ ಬಿಡಿ ಸೆಲ್ಲು ಹಾಕ್ಬೇಡ, ಲೋಹ ತಾಗಿದ್ರೆ ಶಾರ್ಟ್ ಆಗುತ್ತೆ, ಡಬ್ಬೀಲಿಡು."

ಮನೆಗೆ ಬಂದ ಮೇಲೆ ಹೆಂಡತಿ ಎರಡೂ ಸೆಲ್ಲಿಗೆ ಕೆಂಪು ಉಗುರುಬಣ್ಣದ ಚುಕ್ಕೆಯಿಟ್ಟಳು. "ಇವು ಜೋಡಿ. ಒಟ್ಟಿಗೆ ಚಾರ್ಜು, ಒಟ್ಟಿಗೆ ಕೆಲಸ, ಒಟ್ಟಿಗೇ ನಿವೃತ್ತಿ. ಒಂದನ್ನ ಬಿಟ್ಟು ಒಂದಕ್ಕೆ ಹೊಸ ಸಂಬಂಧ ಹುಡುಕೋ ಹಾಗಿಲ್ಲ." ಆಮೇಲೆ ಗಂಡನ ಹಳೆ ಪ್ಯಾಂಟಿನ ಸೊಂಟದ ಎಲಾಸ್ಟಿಕ್ ಕತ್ತರಿಸಿ, ಟಾರ್ಚು ಸಿಕ್ಕಿಸಲು ಕುಣಿಕೆಯಿಟ್ಟು ಹಣೆಪಟ್ಟಿಯೊಂದನ್ನು ಹೊಲಿದಳು.

ಮರುದಿನ ಅವನು ಅದನ್ನು ಕಟ್ಟಿಕೊಂಡೇ ಗುಂಡಿಗೆ ಇಳಿದ. ಮೇಲಿನಿಂದ ಕಾವಲುಗಾರ ಕೂಗಿದ: "ಏನಣ್ಣಾ, ಇವತ್ತು ಬಾಯಿ ಖಾಲಿ?"

"ಹ್ಞೂ ಕಣಪ್ಪಾ," ಎಂದು ಅವನು ಬಾಯ್ತುಂಬಾ ಹೇಳಿದ. "ಸಂಜೆ ಹೆಂಡ್ತಿ ಜೊತೆ ಊಟ ಮಾಡೋಕೆ ಹಲ್ಲು ಬೇಕಲ್ಲ!"

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಟಾರ್ಚು ಎಲ್ಲಿದೆ? ಈಗಲೇ ತನ್ನಿ. ತಣ್ಣಗಿದ್ದರೆ ಬಿಚ್ಚಿ ನೋಡಿ. ಒಳಗೆ ಒಂದು ಹಳೆಯದು, ಒಂದು ಹೊಸದು ಇದೆಯೇ? ಸಿಪ್ಪೆ ಹರಿದಿದೆಯೇ? ಸಂದಿಯಲ್ಲಿ ಬೆಳ್ಳಿ ಕಾಗದವಿದೆಯೇ? ಇದ್ದರೆ ಆ ಸೆಲ್ಲುಗಳ ತುದಿಗೆ ಟೇಪು ಅಂಟಿಸಿ, ಕಸದ ಬುಟ್ಟಿಗೆ ಹಾಕದೆ, ಹಳೆ ಬ್ಯಾಟರಿ ಸಂಗ್ರಹಿಸುವಲ್ಲಿ ಕೊಡಿ. ಹೊಸ ಜೋಡಿಯನ್ನು ನೋಡಿ, ಕೇಳಿ ತನ್ನಿ. ಎಲ್ಲರ ಮನೆಯ ಕೆಳಗೂ ಮೀಟರ್ ಅಜ್ಜಿ ಇರುವುದಿಲ್ಲ.