ಗಾಳಿಯ ತೂಕ ನಲವತ್ತು ಸೇರು

ಬೈಲಹೊಂಗಲದ ಆಷಾಢದ ಗಾಳಿ ಸಣ್ಣದಲ್ಲ. ಬೆಳಿಗ್ಗೆ ಇಲ್ಲಿ ಎತ್ತಿಗೆ ಹಾಕಿದ ಕಣಿಕೆಯನ್ನು ಮಧ್ಯಾಹ್ನ ರಾಮದುರ್ಗದ ಎಮ್ಮೆ ತಿಂದಿರುತ್ತದೆ.

ಆ ಗಾಳಿಗೆ ಎದುರಾಗಿ ಗಂಗಯ್ಯನವರು ಮಂಗಲ ಕಾರ್ಯಾಲಯ ಕಟ್ಟಿಸಿದರು. ಬಾಗಿಲ ಮುಂದೆ ದೊಡ್ಡ ಪೋರ್ಚು. ಅದರ ಸ್ಲ್ಯಾಬಿನ ಕೆಳಗೆ ಬಿಳಿ ಹಲಗೆಯ ಸೀಲಿಂಗ್ ಕೂಡಿಸುವ ಕೆಲಸ ಭೀಮಶಿಯದು, ಏಣಿ ಹಿಡಿಯುವ ಕೆಲಸ ನನ್ನದು.

ಮೊದಲ ಸೀಲಿಂಗ್ ಎಂಟು ದಿನ ನಿಂತಿತು. ಆಮೇಲೆ ಮೇಲೆದ್ದು, ಸ್ಲ್ಯಾಬಿಗೆ ತಲೆ ಬಡಿದುಕೊಂಡು, ಹಾರಿಹೋಯಿತು. ಸವದತ್ತಿಯ ಹತ್ತಿರ ಯಾರೋ ಅದರ ಕೆಳಗೆ ಕುರಿ ಕಟ್ಟಿದ್ದಾರೆ. ಎರಡನೆಯದನ್ನು ಭೀಮಶಿ ದಪ್ಪ ತಂತಿಯಿಂದ ತೂಗುಹಾಕಿದ. ಅದು ನವಿಲುತೀರ್ಥದ ನೀರಿಗೆ ಬಿತ್ತು. ಈಗ ಮೀನುಗಾರರು ಅದರ ಮೇಲೆ ಕೂತು ಬಲೆ ಬೀಸುತ್ತಾರೆ.

"ಭೀಮಶಿ, ಮೂರನೇದ್ದೂ ಹಾರಿತಂದ್ರ ಏಣಿ ಮಾರಿಬಿಡು," ಎಂದರು ಗಂಗಯ್ಯನವರು. "ಈ ಊರಾಗ ನಿನಗ ಯಾರೂ ಕೆಲಸ ಕೊಡದಂಗ ನಾನ ಡಂಗುರ ಹೊಡಸ್ತೇನಿ."

"ಇನ್ನೂ ದಪ್ಪ ತಂತಿ ಹಾಕತೇನ್ರಿ ಅಯ್ಯಾರ." ಭೀಮಶಿಯ ಮುಖ ಸೀಲಿಂಗಿಗಿಂತ ಬಿಳಿಯಾಗಿತ್ತು.

ಕಾರ್ಯಾಲಯದ ಅಡುಗೆಯ ಬೀರವ್ವ ಮೊರದಲ್ಲಿ ಜೋಳ ಕೇರುತ್ತಿದ್ದಳು. "ಹುಚ್ಚೇನೋ ನಿನಗ? ತಂತಿ ಬೀಳೂದನ್ನ ಹಿಡೀತೈತಿ, ಏಳೂದನ್ನ ಹೆಂಗ ಹಿಡೀತೈತಿ? ಮೂರೂ ಕಡೆ ಗ್ವಾಡಿ ಕಟ್ಟೀರಿ. ಒಳಗ ಬಂದ ಗಾಳಿ ಎಲ್ಲಿ ಹೋಗಬೇಕು? ಮ್ಯಾಲೆ ದೂಕತೈತಿ."

"ಎಷ್ಟ ದೂಕತೈತಿ ಅಕ್ಕಾ?" ಎಂದ ಭೀಮಶಿ.

"ತೂಗಿ ನೋಡು."

ತೂಗಿದೆವು. ಪೋರ್ಚಿಗೆ ಚೌಕಟ್ಟು ಕಟ್ಟಿ, ಹಾರದಂತೆ ಅದನ್ನು ಹಗ್ಗದಿಂದ ನೆಲದ ಗೂಟಕ್ಕೆ ಬಿಗಿದು, ಹಲಗೆ ಮುಚ್ಚಿದೆವು. ನಡುವಿನ ಒಂದೇ ಹಲಗೆಯನ್ನು ಬಿಗಿಯದೆ ಸುಮ್ಮನೆ ಇಟ್ಟು, ಅದರ ಮೇಲೆ ಬೀರವ್ವನ ಜೋಳ ಹೇರಿದೆವು. ಹತ್ತು ಸೇರಿಗೆ ಹಲಗೆ ಕುಣಿಯಿತು. ಇಪ್ಪತ್ತಕ್ಕೆ ಚೀಲವೂ ಕುಣಿಯಿತು. ಮೂವತ್ತಕ್ಕೆ, ಏಣಿ ಹಿಡಿದಿದ್ದ ನಾನೂ ಕುಣಿದೆ. ಹದಿನೈದು ದಿನ ಕಾದು, ಎಲ್ಲಕ್ಕಿಂತ ದೊಡ್ಡ ಗಾಳಿ ಬೀಸಿದ ದಿನ, ನಲವತ್ತು ಸೇರಿಗೆ ಹಲಗೆ ತೆಪ್ಪಗಾಯಿತು.

ಭೀಮಶಿ ಗೋಡೆಯ ಮೇಲೆ ನಲವತ್ತು ಎಂದು ಬರೆದ.

"ಅರವತ್ತ ಬರಿ," ಎಂದಳು ಬೀರವ್ವ. "ನಲವತ್ತ ಮಂದೀನ ಕರದ್ರ ನಾ ಅರವತ್ತ ಮಂದಿಗೆ ಅಡಗಿ ಮಾಡತೇನಿ. ಗಾಳಿಗೂ ಬೀಗರಿರತಾರ."

ಭೀಮಶಿ ತಂತಿ ಬಿಟ್ಟು, ಸ್ಲ್ಯಾಬಿಗೂ ಚೌಕಟ್ಟಿಗೂ ನಡುವೆ ಕಬ್ಬಿಣದ ಪೈಪು ಕೊಟ್ಟ. ಪ್ರತಿ ಹಲಗೆಗೂ ಅರವತ್ತು ಸೇರು ತಡೆಯುವಷ್ಟು.

ಪಂಚಮಿಯ ದಿನ ಗಾಳಿಯ ಬೀಗರೆಲ್ಲ ಬಂದರು. ಕಿತ್ತೂರಿನ ಪಾನ್ ಅಂಗಡಿಯೊಂದು ಗಿರಾಕಿ ಸಮೇತ ಬಂದು ನಮ್ಮ ಬಾಗಿಲಲ್ಲಿ ಇಳಿಯಿತು. ಗಂಗಯ್ಯನವರು ಅದರಿಂದ ಒಂದು ಎಲೆ ತೆಗೆದುಕೊಂಡು ಮೇಲೆ ನೋಡಿದರು. ಸೀಲಿಂಗ್ ಮಿಸುಕಲಿಲ್ಲ. ಇಡೀ ಕಾರ್ಯಾಲಯವೇ ಒಂದು ಗೇಣು ಎದ್ದು, ಮತ್ತೆ ಕೂತಿತು.

ಗಂಗಯ್ಯನವರು ಎಲೆ ಅಗಿದು ಮುಗಿಸಿದರು.

"ಸೀಲಿಂಗ್ ಚಲೋ ಐತಿ. ಏಣಿ ಮಾರಬ್ಯಾಡ."

ಭೀಮಶಿ ಏಣಿಯನ್ನು ಹೆಗಲಿಗೇರಿಸಿದ. ಬೀರವ್ವ ಬಗ್ಗಿ ಗೋಡೆಯ ಬುಡ ನೋಡಿದಳು.

"ಪಾಯಾ ಯಾರ ಹಾಕಿದ್ದಾರ್ರೀ? ಅವರನ್ನೂ ಕರೀರಿ. ಜ್ವಾಳ ಇನ್ನೂ ಅದಾವ."