ಕೆಂಪು ದೀಪದ ಕುರ್ಚಿ

ಗೋಲಿನ ಹಿಂದಿರುವ ಗಾಜಿನ ಗೂಡಿನಲ್ಲಿ ಕೂರುವವನಿಗೆ ಇರುವುದು ಒಂದೇ ಕೆಲಸ. ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಗೋಲಿನ ಗೆರೆಯನ್ನು ಪೂರ್ತಿಯಾಗಿ ದಾಟಿದರೆ ಗುಂಡಿ ಒತ್ತಬೇಕು. ತಲೆಯ ಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ದಾಟದಿದ್ದರೆ ಸುಮ್ಮನಿರಬೇಕು. ಬದರೀನಾಥರು ಹದಿನೈದು ಚಳಿಗಾಲ ಈ ಕೆಲಸ ಮಾಡಿದ್ದರು. ಮಗಳು ಶರ್ವಾಣಿ ಎಂಟು ವರ್ಷದವಳಿದ್ದಾಗ ಐಸ್ ಹಾಕಿ ಕ್ಲಬ್ಬು ಸೇರಿದಳು. ತಂದೆತಾಯಿಯರಲ್ಲಿ ಒಬ್ಬರು ಏನಾದರೊಂದು ಸೇವೆ ವಹಿಸಿಕೊಳ್ಳಲೇಬೇಕೆಂಬುದು ಕ್ಲಬ್ಬಿನ ಕಟ್ಟಳೆ. ಸ್ಕೇಟ್ ಕಟ್ಟಿಕೊಂಡು ನಿಲ್ಲಲೂ ಬಾರದ ಬದರೀನಾಥರು ಕೂತು ಮಾಡುವ ಕೆಲಸವನ್ನು ಆರಿಸಿಕೊಂಡರು. ಮಗಳು ಆಟ ಬಿಟ್ಟು ರೆಫರಿಯಾದ ಮೇಲೂ ಅವರು ಆ ಕುರ್ಚಿಯನ್ನು ಬಿಡಲಿಲ್ಲ.

ಎರಡು ಸಾವಿರದ ಎಂಟರ ನವೆಂಬರಿನಲ್ಲಿ ಪಾರ್ಸಿಪನಿ ಊರಿನ ಹತ್ತಿರ, ಕ್ಲಬ್ಬು ಆಡುವ ರಿಂಕ್ ಎಂಬ ಹಿಮದಂಗಳದಲ್ಲಿ, ನಾಲ್ಕು ದೇಶಗಳ ಕಿರಿಯ ಮಹಿಳಾ ತಂಡಗಳ ಪಂದ್ಯಾವಳಿ ನಡೆಯಿತು. ಶನಿವಾರ ಮಧ್ಯಾಹ್ನ ಫಿನ್ಲೆಂಡಿಗೂ ಸ್ವೀಡನ್ನಿಗೂ ಆಟ, ಗೆದ್ದವರು ಫೈನಲ್ಲಿಗೆ. ರೆಫರಿ ಶರ್ವಾಣಿ. ಮೇಲಿನ ಸಾಲಿನಲ್ಲಿ ಕೂತು ಟಿಪ್ಪಣಿ ಬರೆಯುವ ಮೇಲ್ವಿಚಾರಕಿಯಿಂದ ಅವಳಿಗೆ ಮೂರು ಒಳ್ಳೆಯ ವರದಿಗಳು ಸಿಕ್ಕಿದ್ದವು. ಈ ನಾಲ್ಕನೆಯದೂ ಸಿಕ್ಕರೆ, ಬರುವ ವರ್ಷ ವಿಶ್ವ ಪಂದ್ಯಾವಳಿಯ ರೆಫರಿಗಳ ಪಟ್ಟಿಯಲ್ಲಿ ಅವಳ ಹೆಸರು.

ಆ ದಿನ ಗೂಡಿನಲ್ಲಿ ಕೂರಬೇಕಾಗಿದ್ದವನು ಮ್ಯಾನ್‌ಹ್ಯಾಟನ್ನಿನ ಬ್ಯಾಂಕೊಂದರಲ್ಲಿದ್ದ ಗೆಳೆಯ ಸುಬ್ಬು. ಬೆಳಿಗ್ಗೆ ಅವನ ಫೋನು ಬಂತು.

“ನಂದು ಕತೆ ಮುಗೀತು ಕಣ್ರೀ. ಇಡೀ ಡಿಪಾರ್ಟ್‌ಮೆಂಟೇ ಹೋಯ್ತು. ಇವತ್ತೇ ಬಂದು ಡೆಸ್ಕ್ ಖಾಲಿ ಮಾಡಿ ಅಂದಿದ್ದಾರೆ. ನನ್ನ ಬದಲು ನೀವು ಕೂತ್ಬಿಡಿ.”

“ಅದು ಶರ್ವಾಣಿ ಮ್ಯಾಚು, ಸುಬ್ಬು. ಮನೆಯವರು ಕೂರೋ ಹಾಗಿಲ್ಲ.”

“ಯಾರಿಗ್ರೀ ಗೊತ್ತಾಗುತ್ತೆ? ಅವರ ಲಿಸ್ಟಲ್ಲಿ ನೀವು ತಲಕಾಡು, ಅವಳು ಬದರೀನಾಥ್. ಈ ದೇಶದ ಲೆಕ್ಕದಲ್ಲಿ ನೀವಿಬ್ಬರೂ ಒಂದೇ ಬಸ್ಸಿನಲ್ಲಿ ಕೂತವರೂ ಅಲ್ಲ.”

ಮಾತು ನಿಜವಾಗಿತ್ತು. ಪಾಸ್‌ಪೋರ್ಟಿನಲ್ಲಿ ಅವರ ಕೊನೆಯ ಹೆಸರು ಹಿರಿಯರ ಊರಿನದು. ಮಗಳ ಕೊನೆಯ ಹೆಸರು ಅಪ್ಪನ ಸ್ವಂತ ಹೆಸರು. ಸಂಘಟಕರ ಪಟ್ಟಿಯಲ್ಲಿ ಅವರು ಬಿ. ತಲಕಾಡು ಮಾತ್ರ. ಯಾರಾದರೂ ಕೂರಲೇಬೇಕಲ್ಲ ಎಂದು ಬದರೀನಾಥರು ತಮಗೆ ತಾವೇ ಹೇಳಿಕೊಂಡರು. ಮಗಳ ಹತ್ತಿರ ಇರಬೇಕೆಂಬ ಆಸೆ ಅದರ ಅಡಿಯಲ್ಲಿ, ಹಿಮದ ಕೆಳಗಿನ ನೀರಿನಂತೆ, ಸದ್ದಿಲ್ಲದೆ ಹರಿಯುತ್ತಿತ್ತು.

“ಅವಳಿಗೆ ಹೇಳಿದೀರಾ?” ಎಂದರು ಹೆಂಡತಿ ಪದ್ಮಜಾ, ಫ್ಲಾಸ್ಕಿಗೆ ಕಾಫಿ ಹುಯ್ಯುತ್ತ.

“ಅವಳು ಆಗಲೇ ಹೋದಳಲ್ಲ.”

“ಫೋನಿಲ್ವಾ ಅವಳ ಹತ್ರ?”

ಬದರೀನಾಥರು ಮಫ್ಲರು ಹುಡುಕುವ ನೆಪದಲ್ಲಿ ಒಳಗೆ ಹೋದರು.

ಆಟ ಶುರುವಾಗುವ ಮುನ್ನ ಶರ್ವಾಣಿ ಗೋಲುಗಳನ್ನು ಪರೀಕ್ಷಿಸುತ್ತ ಬಂದಳು. ಪಟ್ಟೆಪಟ್ಟೆಯ ಅಂಗಿ, ತೋಳಿಗೆ ಕಿತ್ತಳೆ ಪಟ್ಟಿ. ಗಾಜಿನಾಚೆ ಅಪ್ಪನನ್ನು ಕಂಡು ಒಂದು ಉಸಿರಿನಷ್ಟು ಹೊತ್ತು ನಿಂತಳು. ಮೇಲಿನ ಸಾಲಿನತ್ತ ನೋಡಿದಳು, ಗಡಿಯಾರದತ್ತ ನೋಡಿದಳು. ಆಮೇಲೆ ತಿರುಗಿ ನಡುವೃತ್ತಕ್ಕೆ ಜಾರಿಹೋದಳು.

ಮೊದಲ ಅವಧಿಯಲ್ಲಿ ಬದರೀನಾಥರು ಗೆರೆಯ ಮೇಲಿಂದ ಕಣ್ಣು ಕೀಳಲಿಲ್ಲ. ಎರಡನೆಯದರಲ್ಲಿ ಅವರ ನೋಟ ಒಮ್ಮೊಮ್ಮೆ ದಾರಿ ತಪ್ಪಿತು. ಆಟಗಾರ್ತಿಯರು ಚದುರಿ ಕೂಡುವ ನಡುವೆ ಅವಳೊಬ್ಬಳೇ ಯಾರ ಕಡೆಯವಳೂ ಅಲ್ಲದೆ ಹಿಂದುಹಿಂದಕ್ಕೆ ಜಾರುತ್ತಿದ್ದಳು. ಎಲ್ಲರೂ ಓಡುವ ಕಡೆಗೆ ಮುಖ, ಯಾರೂ ನೋಡದ ಕಡೆಗೆ ಚಲನೆ. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು, ಮಗಳನ್ನು ನೋಡಿ ಎಷ್ಟು ವರ್ಷವಾಯಿತೆಂದು ಅವರಿಗೇ ತಿಳಿಯಲಿಲ್ಲ.

ಕೊನೆಯ ನಾಲ್ಕು ನಿಮಿಷ. ಸ್ವೀಡನ್ ಎರಡು, ಫಿನ್ಲೆಂಡ್ ಒಂದು. ಬದರೀನಾಥರ ಮುಂದಿದ್ದ ಸ್ವೀಡನ್ನಿನ ಗೋಲಿನೆದುರು ಐದಾರು ಹುಡುಗಿಯರು ಮುಗಿಬಿದ್ದರು. ಆ ನೂಕಿನಲ್ಲಿ ಒಬ್ಬಳ ಭುಜ ಶರ್ವಾಣಿಗೆ ತಗುಲಿ, ಅವಳು ಬಲೆಯ ಪಕ್ಕದ ಹಲಗೆಗೋಡೆಗೆ ಬಡಿದು ಕೆಳಗೆ ಬಿದ್ದಳು. ಬದರೀನಾಥರು ಅರ್ಧ ಎದ್ದು ನಿಂತಿದ್ದರು. ಅವಳು ಎಡಮೊಣಕಾಲೂರಿ ಏಳುವುದನ್ನು ಕಂಡ ಮೇಲೆಯೇ ಗೆರೆಯ ನೆನಪಾಯಿತು. ಅಷ್ಟರಲ್ಲಿ ಸ್ವೀಡನ್ನಿನ ಗೋಲ್‌ಕೀಪರ್ ಗೆರೆಗೆ ಅಡ್ಡವಾಗಿ ಮಲಗಿದ್ದಳು, ಪಕ್ ಅವಳ ಕೈಗವಸಿನಡಿ ಮರೆಯಾಗಿತ್ತು, ಫಿನ್ಲೆಂಡಿನವರು ಕೋಲುಗಳನ್ನೆತ್ತಿ ಕೂಗುತ್ತಿದ್ದರು. ದೀಪ ಹೊತ್ತಿರಲಿಲ್ಲ.

ಶರ್ವಾಣಿ ಶಿಳ್ಳೆ ಊದಿ ಗಾಜಿನ ಬಳಿ ಬಂದಳು. ಅವಳ ಭುಜಕ್ಕೆ ಅಂಟಿಕೊಂಡಂತೆ ಫಿನ್ಲೆಂಡಿನ ನಾಯಕಿ.

“ಸರ್, ಡಿಡ್ ಯೂ ಸೀ ಇಟ್ ಕ್ರಾಸ್?” ಎಂದು ಶರ್ವಾಣಿ ಅಪ್ಪನನ್ನು ಕೇಳಿದಳು.

ಇಲ್ಲ, ದಾಟಲಿಲ್ಲ ಎಂದರೆ ಸಾಕಿತ್ತು. ದೀಪ ಆರಿಯೇ ಇತ್ತು, ಅನುಮಾನಕ್ಕೆ ಎಡೆಯಿರಲಿಲ್ಲ. ರೆಫರಿ ಬಿದ್ದಳು, ಗೋಲು ತೀರ್ಪುಗಾರ ನೋಡಿಕೊಂಡ ಎಂದು ವರದಿ ಚೊಕ್ಕಟವಾಗಿ ಮುಗಿಯುತ್ತಿತ್ತು. ನೋಡಲಿಲ್ಲ ಎಂದರೆ, ಯಾಕೆ ನೋಡಲಿಲ್ಲ ಎಂಬ ಪ್ರಶ್ನೆ ಮೇಲಿನ ಸಾಲಿನಿಂದ ಇಳಿದುಬರುತ್ತಿತ್ತು. ನಾಯಕಿಯ ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಬೆವರಿನಿಂದ ಅಂಟಿದ ಕೂದಲಿನ ಕೆಳಗೆ ಅವಳ ಕಣ್ಣುಗಳು ಅವರ ಬಾಯನ್ನೇ ಕಾಯುತ್ತಿದ್ದವು. ಅವಳೂ ಯಾರದೋ ಮಗಳು.

“ಐ ಡಿಡ್ ನಾಟ್ ಸೀ,” ಎಂದರು. ಆಮೇಲಿನದು ಕನ್ನಡದಲ್ಲಿ ಬಂತು: “ನೋಡಲಿಲ್ಲಮ್ಮ. ನೀನು ಬಿದ್ದೆಯಲ್ಲ, ನಿನ್ನೇ ನೋಡ್ತಿದ್ದೆ.”

ನಾಯಕಿ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

“ಸರಿ,” ಎಂದಳು ಶರ್ವಾಣಿ. ತಿರುಗಿ ಎರಡೂ ತೋಳುಗಳನ್ನು ಅಗಲಿಸಿ ಬೀಸಿದಳು. ಯಾರೂ ಕಾಣದ್ದು ಗೋಲಲ್ಲ, ನಿಯಮ ಅಷ್ಟೇ. ಫಿನ್ಲೆಂಡ್ ಸೋತಿತು.

ಆಟ ಮುಗಿದ ಮೇಲೆ ಬದರೀನಾಥರು ತಾವಾಗಿಯೇ ಮೆಟ್ಟಿಲು ಹತ್ತಿ, ರೆಫರಿ ತಮ್ಮ ಮಗಳೆಂದು ಹೇಳಿದರು. ಗಿಡ್ಡ ನರೆಗೂದಲಿನ ಮೇಲ್ವಿಚಾರಕಿ ಪೂರ್ತಿ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದಳು. ನೀವು ಗೂಡಿನಲ್ಲಿರುವುದು ಅವಳಿಗೆ ತಿಳಿದಿತ್ತೇ ಎಂದು ಕೇಳಿದಳು. ಆಟ ಶುರುವಾಗುವಾಗ ನೋಡಿದಳು ಎಂದು ಅದನ್ನೂ ಮುಚ್ಚಿಡದೆ ಹೇಳಿದರು. ಆಕೆ ಟಿಪ್ಪಣಿ ಪುಸ್ತಕ ಮುಚ್ಚಿದಳು. ಚೆನ್ನಾಗಿ ನಡೆಸಿದಳು, ಆದರೆ ಅದನ್ನು ನಾನಿನ್ನು ಬರೆಯುವಂತಿಲ್ಲ, ಈ ಪಂದ್ಯ ಲೆಕ್ಕಕ್ಕಿಲ್ಲ, ಪಟ್ಟಿಗೆ ಮುಂದಿನ ವರ್ಷ ಮತ್ತೆ ಪ್ರಯತ್ನಿಸಲಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗೂಡಿನ ಬೀಗದ ಕೈಗಾಗಿ ಕೈಚಾಚಿದಳು.

ಹೆದ್ದಾರಿಯಲ್ಲಿ ಶರ್ವಾಣಿಯೇ ಡ್ರೈವ್ ಮಾಡಿದಳು. ಎಲೆ ಕಳಚಿದ ಮರಗಳಾಚೆ ಆಫೀಸು ಕಟ್ಟಡಗಳು, ಅವುಗಳ ಮುಂದೆ ಬಾಡಿಗೆಗಿದೆ ಎಂಬ ಹೊಸ ಬೋರ್ಡುಗಳು.

“ಇಲ್ಲ ಅಂದುಬಿಟ್ಟಿದ್ರೆ ಮುಗೀತಿತ್ತಲ್ಲ, ಅಪ್ಪ.”

“ಮುಗೀತಿತ್ತು.”

“ಮೊದಲೇ ನಿನ್ನ ಹೊರಗೆ ಕಳಿಸಬೇಕಿತ್ತು. ದಟ್ಸ್ ಆನ್ ಮಿ.”

“ನಾನು ಬರಲೇಬಾರದಾಗಿತ್ತು.”

“ಅದಂತೂ ನಿಜ,” ಎಂದಳು.

ಅವಳು ವೈಪರನ್ನು ಸುಮ್ಮನೆ ಒಮ್ಮೆ ಆಡಿಸಿದಳು. ಗಾಜು ಒಣಗಿಯೇ ಇತ್ತು.

“ಹೌ ವಾಸ್ ಐ?”

“ಎರಡನೇ ಅವಧೀಲಿ ನೀಲಿ ಗೆರೆ ಹತ್ರ ಮೂರು ಸಲ ತಡವಾಗಿ ಬಂದೆ.”

“ಮೂರಾ? ನೋ ವೇ. ಒಂದು.”

“ಮೂರು. ಎಡಕ್ಕೆ ತಿರುಗುವಾಗ ಯಾಕೋ ತಡೀತೀಯ. ಮೊಣಕಾಲು ನೋವಾ?”

ಅವಳು ಮುಂದಿನ ಲಾರಿಯನ್ನು ದಾಟಿಕೊಂಡು ಬಲಗಡೆಯ ಸಾಲಿಗೆ ಬಂದು ವೇಗ ಇಳಿಸಿದಳು.

“ಮೂರರಲ್ಲಿ ಮೊದಲನೇದು ಯಾವಾಗ?” ಎಂದಳು.

ಬದರೀನಾಥರು ನೆನಪಿಸಿಕೊಂಡು ಹೇಳತೊಡಗಿದರು.