ಕೋಲಾಟದ ಕಾಲು

ಹೆಂಡತಿಯ ವರ್ಷಾಂತಿಕ ಮುಗಿದ ಮೂರನೆಯ ದಿನ, ದೇವರ ಗೂಡನ್ನು ಒರೆಸುತ್ತಿದ್ದ ಚಂದ್ರಮೌಳಿಯವರ ಕೈಗೆ ಅರಿಶಿನ ಬಟ್ಟೆಯ ಒಂದು ಮುಡಿಪು ಸಿಕ್ಕಿತು. ಗಂಟು ವಿಜಯಲಕ್ಷ್ಮಿ ಹಾಕಿದ್ದೇ. ಬಿಚ್ಚಿದರೆ ಒಳಗೆ ಅರಿಶಿನ, ಕುಂಕುಮ. ಮೂರು ವರ್ಷದ ಹಿಂದೆ ಇವರ ಎದೆಗೆ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಆಕೆ ಹರಸಿಕೊಂಡಿದ್ದಳು: ಗಂಡ ಎದ್ದು ಓಡಾಡುವಂತಾದರೆ ವಿಜಯವಾಡದ ಅಮ್ಮನವರ ಬೆಟ್ಟ ಇಂದ್ರಕೀಲಾದ್ರಿಯನ್ನು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತೇನೆಂದು. ಗಂಡ ಎದ್ದು ಓಡಾಡಿದರು. ಹರಕೆ ತೀರುವ ಮೊದಲೇ ನಾಲ್ಕು ದಿನದ ಜ್ವರದಲ್ಲಿ ಆಕೆ ಹೋಗಿಬಿಟ್ಟಳು.

ಅದನ್ನು ತಾವೇ ತೀರಿಸಬೇಕೆಂದು ಅವರು ನಿಶ್ಚಯಿಸಿದರು. ಮಂಡ್ಯದ ಕಡೆಯವರು, ಬ್ಯಾಂಕಿನ ವರ್ಗದ ಮೇಲೆ ವಿಶಾಖಪಟ್ಟಣಕ್ಕೆ ಬಂದು, ನಿವೃತ್ತರಾದ ಮೇಲೂ ದ್ವಾರಕಾ ನಗರದಲ್ಲೇ ಉಳಿದವರು. ಪದ್ಮಾಸನದಲ್ಲಿ ಒಂದು ಗಂಟೆ ಅಲುಗದೆ ಕೂರಬಲ್ಲರು. ಮೆಟ್ಟಿಲೇನು ಮಹಾ ಎಂದು, ಪರೀಕ್ಷೆಗಾಗಿ ಒಂದು ಬೆಳಿಗ್ಗೆ ಊರ ಪಕ್ಕದ ಸಿಂಹಾಚಲ ಬೆಟ್ಟದ ಮೆಟ್ಟಿಲಿಗೆ ಹೋದರು. ಒಂದೊಂದಕ್ಕೂ ಬಾಗಿ, ಕೈ ಮುಟ್ಟಿಸಿ ಏರತೊಡಗಿದರು. ಮೂವತ್ತನೆಯದಕ್ಕೆ ತೊಡೆ ನಡುಗಿತು. ನಲವತ್ತೊಂದಕ್ಕೆ ಕಣ್ಣು ಕತ್ತಲಿಟ್ಟಿತು. ಹೂ ಮಾರುವವಳೊಬ್ಬಳು ಕೈ ಹಿಡಿದು ಕೂರಿಸಿದಳು.

ಸಂಜೆ ಎದುರು ಮನೆಯ ದುರ್ಗಾಂಬನವರು ಬಂದರು. ಬಳ್ಳಾರಿಯ ಹೆಣ್ಣು, ತೆಲುಗು ಮನೆಯ ಸೊಸೆ. ಅಪಾರ್ಟ್‌ಮೆಂಟಿನ ಹೆಂಗಸರನ್ನು ಸೇರಿಸಿ ದಿನವೂ ಮಹಡಿಯ ಮೇಲೆ ಕೋಲಾಟ ಆಡಿಸುವವರು.

“ಏನಂಡೀ ಅಣ್ಣಯ್ಯಗಾರು, ಸಿಂಹಾಚಲದಾಗ ಕೂತುಬಿಟ್ಟಿರಂತಲ್ಲ? ಚಾಪಿ ಒಯ್ಯೋದು ಮರೆತ್ರೇನು?”

“ನಗಬೇಡಿ ತಾಯಿ. ಕಾಲು ಕೈಕೊಡ್ತು.”

“ಚಾಪಿ ಮ್ಯಾಲೆ ಕೂತ ಕಾಲು ಬೆಟ್ಟ ಹ್ಯಾಂಗ ಹತ್ತುತ್ತಂಡೀ? ನಾಳೆಯಿಂದ ನಮ್ಮ ಜೊತಿ ಕುಣೀರಿ.”

“ಯೋಗ ಮಾಡೋ ಮೈಯನ್ನ ಕುಣಿಸೋದೇ? ಅದು ತಪಸ್ಸು. ವಿಜಯಾಗೂ ಇದನ್ನೇ ಹೇಳಿದ್ದೆ.”

ದುರ್ಗಾಂಬನವರ ನಗು ನಿಂತಿತು. “ಹೇಳಿದ್ರಿ. ಯಾಕ ಕುಣೀತೀಯ ಅಂತ ಕೇಳಲಿಲ್ಲ. ಬೆಳಿಗ್ಗೆ ನಿಮ್ಮ ಪಕ್ಕದಾಗ ಸೂರ್ಯನಮಸ್ಕಾರ, ಅದು ಉಸಿರಿಗೆ. ಸಂಜಿಗೆ ನನ್ನ ಹತ್ರ ಕೋಲಾಟ, ಅದು ಕಾಲಿಗೆ. ಭಾನುವಾರ ಬೀಚಿನ ಹಸಿ ಮರಳಿನಾಗ ಬರಿಗಾಲಲ್ಲಿ ನಡಿಗಿ. ಎಲ್ಲಾ ಆ ಮೆಟ್ಟಿಲಿಗೇ ಅಂಡೀ. ನಿಮಗ ಹೇಳಿದ್ರ, ಬೆಟ್ಟಕ್ಕ ಬಸ್ಸೈತೆ ಅಂತೀರಂತ ಹೇಳಲಿಲ್ಲ.”

ಸಂಜೆ ಐದಕ್ಕೆ ವಿಜಯಲಕ್ಷ್ಮಿ ಕೋಲು ಹಿಡಿದು ಹೊರಟಾಗಲೆಲ್ಲ ಚಂದ್ರಮೌಳಿಯವರು ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ತಮ್ಮ ಮನೆಯಲ್ಲಿ, ತಮ್ಮ ಕಣ್ಣೆದುರೇ, ತಮಗಾಗಿಯೇ ನಡೆಯುತ್ತಿದ್ದ ತಪಸ್ಸು ಅದು.

ಹೃದಯದ ಡಾಕ್ಟರು ಒಪ್ಪಿದ ಮೇಲೆ, ಬಾಗಿಲ ಹಿಂದೆ ಧೂಳು ಹಿಡಿದಿದ್ದ ಆ ಎರಡು ಕೋಲುಗಳನ್ನು ಒರೆಸಿಕೊಂಡು ಮಹಡಿ ಹತ್ತಿದರು. ಮೊದಲ ದಿನವೇ ಸುಮಿತ್ರಾ ಎಂಬಾಕೆಯ ಬೆರಳಿಗೆ ಪೆಟ್ಟು ಕೊಟ್ಟರು.

“ತಾತಗಾರೂ, ಕೋಲಿಗೆ ಹೊಡೀರಿ, ನಾನೇನು ಮಾಡಿದ್ನಂಡೀ!” ಎಂದು ಆಕೆ ಕೈ ಕೊಡವಿದಳು. ಹೆಂಗಸರೆಲ್ಲ ನಕ್ಕರು. ವರ್ಷದಿಂದ ನಗದಿದ್ದ ಅವರೂ ನಕ್ಕುಬಿಟ್ಟರು. ನಕ್ಕದ್ದಕ್ಕೆ ಆ ರಾತ್ರಿ ದೇವರ ಮುಂದೆ ಅತ್ತರು. ಮರುದಿನವೂ ಹೋದರು. ಬೆಳಗಿನ ಆಸನ ಬಿಡಲಿಲ್ಲ, ಸಂಜೆಯ ಕುಣಿತವನ್ನೂ ಬಿಡಲಿಲ್ಲ. ಭಾನುವಾರ ಸಮುದ್ರದ ತೆರೆ ಪಾದಕ್ಕೆ ಬಡಿಯುವಲ್ಲಿ ನಡೆದರು. ಹೀಗೆ ನಾಲ್ಕು ತಿಂಗಳು.

ಮಾಘ ಮಾಸದ ಒಂದು ಶುಕ್ರವಾರ ಬೆಳಗಿನ ಜಾವ, ದುರ್ಗಾಂಬನವರೊಡನೆ ಇಂದ್ರಕೀಲಾದ್ರಿಯ ಬುಡದಲ್ಲಿ ನಿಂತರು. ಮುಡಿಪಿನ ಅರಿಶಿನವನ್ನು ತಟ್ಟೆಯ ಹೊಸ ಅರಿಶಿನದೊಡನೆ ಬೆರೆಸಿದರು. ಮುಂದೆ, ಹಿಂದೆ, ಎಲ್ಲ ವಯಸ್ಸಿನ ಹೆಂಗಸರು ಮೆಟ್ಟಿಲಿಗೆ ಬಾಗುತ್ತಿದ್ದರು.

ನಲವತ್ತೊಂದನೆಯ ಮೆಟ್ಟಿಲು ಗೊತ್ತೇ ಆಗದೆ ದಾಟಿತು. ಅರ್ಧ ಬೆಟ್ಟದ ಮೇಲೆ ಮಾತ್ರ ತೊಡೆ ನಡುಗಿತು, ಉಸಿರು ತುಂಡಾಯಿತು. ಇಷ್ಟೇ ಏನೋ ತಾಯಿ ಎಂದು ದೇವಿಗೆ ಹೇಳಿ ಕಣ್ಣು ಮುಚ್ಚಿದರು. ದುರ್ಗಾಂಬನವರು ಕೂರಿ ಎನ್ನಲಿಲ್ಲ. ಚೀಲದಿಂದ ವಿಜಯಲಕ್ಷ್ಮಿಯ ಕೋಲುಗಳನ್ನು ತೆಗೆದು ಒಂದಕ್ಕೊಂದು ಮೆಲ್ಲಗೆ ತಟ್ಟಿದರು. ಟಕ್. ಸ್ವಲ್ಪ ಬಿಟ್ಟು ಇನ್ನೊಮ್ಮೆ, ಟಕ್.

ಮೈಗೆ ಆ ಸದ್ದು ಗೊತ್ತಿತ್ತು. ಉಸಿರು ಬಿಡುತ್ತ ಬಾಗಿತು. ಬೆರಳು ಅರಿಶಿನ ಹಚ್ಚಿತು, ಕುಂಕುಮ ಇಟ್ಟಿತು. ಉಸಿರು ಎಳೆಯುತ್ತ ಎದ್ದಿತು. ಕೋಲಿನ ಸದ್ದಿಗೆ ಕಾಲು ಮೇಲಿನ ಮೆಟ್ಟಿಲಿಗೆ ತಾನಾಗಿ ಹೋಯಿತು. ಚಾಪೆಯ ಉಸಿರು, ಮಹಡಿಯ ಹೆಜ್ಜೆ. ನಲವತ್ತು ವರ್ಷ ಕಣ್ಣು ಮುಚ್ಚಿ ಹುಡುಕಿದ ಏಕಾಗ್ರತೆ, ನೂರಾರು ಜನರ ಗದ್ದಲದ ನಡುವೆ, ಕಣ್ಣು ತೆರೆದಿದ್ದಾಗ ಬಂದು ಕೂಡಿತು. ಎಷ್ಟು ಮೆಟ್ಟಿಲಾಯಿತೆಂಬ ಲೆಕ್ಕವೇ ತಪ್ಪಿತು. ಬಾಗುತ್ತಿರುವವರು ತಾವೋ ವಿಜಯಲಕ್ಷ್ಮಿಯೋ, ಅದೂ ತಿಳಿಯದಾಯಿತು.

ಮತ್ತೆ ಬಾಗಿದಾಗ ಕೈಗೆ ಮೆಟ್ಟಿಲು ಸಿಗಲಿಲ್ಲ. ಸಮನೆಲ ಬಂದಿತ್ತು.

ತಿರುಗಿ ನೋಡಿದರು. ಕೆಳಗೆ ಕೃಷ್ಣೆಯ ಮೇಲೆ ಬಿಸಿಲು ಬಿದ್ದಿತ್ತು. ಅಲ್ಲಿಂದ ಇಲ್ಲಿಯವರೆಗೆ ಬೆಟ್ಟ ಹಳದಿ ಕೆಂಪಾಗಿ ಹೊಳೆಯುತ್ತಿತ್ತು. ತಾವು ಹಚ್ಚಿದ ಬೊಟ್ಟು ಯಾವುದೆಂದು ಹುಡುಕಿದರು. ಅದರ ಮೇಲೆ ಆಗಲೇ ಯಾರದೋ ಬೆರಳು ಬಿದ್ದಿತ್ತು, ಅದರ ಮೇಲೆ ಇನ್ನಾರದೋ. ಯಾರಿಗಾಗಿ ಯಾರು ಬಾಗುತ್ತಿದ್ದಾರೋ! ಚಂದ್ರಮೌಳಿಯವರ ಮೈ ಜುಮ್ಮೆಂದಿತು. ಮೆಟ್ಟಿಲುಗಳ ಕಡೆಗೇ ಕೈ ಮುಗಿದು ನಿಂತರು.

“ಅಣ್ಣಯ್ಯಗಾರು, ಅಮ್ಮನವರ ಗುಡಿ ಈ ಕಡೆ ಐತಂಡೀ,” ಎಂದರು ದುರ್ಗಾಂಬನವರು.

“ಗೊತ್ತು ತಾಯಿ,” ಎಂದರು ಅವರು. “ಬಂದೆ. ಒಂದು ನಿಮಿಷ.”